ಹೊರೆ ಎತ್ತಿಕೊಡುವಷ್ಟು ಹೊತ್ತು

ಶ್ರೀರಂಗಪಟ್ಟಣದಲ್ಲಿ ಕೋಣೆ ಮಾಡಿಕೊಂಡು ಎರಡು ವರ್ಷವಾಯಿತು. ಪಿಎಚ್‌.ಡಿ. ಕೆಲಸಕ್ಕೆ ದಿನವೂ ಮಾನಸಗಂಗೋತ್ರಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮೈಸೂರಿನಲ್ಲೇ ಇರಬಾರದೇ ಎಂದು ಗೆಳೆಯರು ಕೇಳಿದರೆ ಇಲ್ಲಿ ಬಾಡಿಗೆ ಕಡಿಮೆ ಎನ್ನುತ್ತೇನೆ. ಅದು ಸುಳ್ಳಲ್ಲ, ಆದರೆ ನಿಜವಾದ ಕಾರಣ ಬೆಳಗಿನ ಓಟ. ಮನೆಗಳ ಸಾಲು ಮುಗಿದು ಸ್ವಲ್ಪ ದೂರ ನಡೆದರೆ ನಾಲೆ ಏರಿ ಸಿಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ ಬಯಲು, ಅದರಾಚೆ ತೆಂಗಿನ ಸಾಲು, ಸಾಲಿನಾಚೆ ಕಾಣದಿದ್ದರೂ ಇದ್ದೇ ಇರುವ ಕಾವೇರಿ.

ನಾನು ಪಾವಗಡದ ಕಡೆಯವನು. ನಮ್ಮಲ್ಲಿ ಓಡುವುದೆಂದರೆ ಬಂಡೆ ಹತ್ತಿ ಇಳಿಯುವುದು. ಹಾಗಾಗಿ ಈ ಮಟ್ಟಸ ದಾರಿ ಮೊದಲ ದಿನಗಳಲ್ಲಿ ಪವಾಡದಂತೆ ಕಂಡಿತ್ತು. ಆಮೇಲೆ ಗುಟ್ಟು ತಿಳಿಯಿತು. ನಾಲೆಯ ನೀರನ್ನು ಯಾರೂ ತಳ್ಳುವುದಿಲ್ಲ, ಅದು ತಾನಾಗಿಯೇ ಹರಿಯಬೇಕು. ಅದಕ್ಕೇ ನಾಲೆ ನೇರವಾಗಿ ಹೋಗದೆ ನೆಲದ ಮಟ್ಟ ಹಿಡಿದು, ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಬಳಸಿಕೊಂಡು ಹೋಗುತ್ತದೆ. ಅದರ ಏರಿಯ ಮೇಲೆ ಓಡುವವನಿಗೆ ಏರೂ ಇಲ್ಲ, ಇಳಿಯೂ ಇಲ್ಲ. ಉಸಿರಿಗೂ ಹೆಜ್ಜೆಗೂ ಒಮ್ಮೆ ಹೊಂದಿಕೆ ಬಂದರೆ ಐದನೇ ಕಿಲೋಮೀಟರಿನ ತೂಬಿನವರೆಗೆ ಅದು ಕೆಡುವುದಿಲ್ಲ. ತೂಬು ಮುಟ್ಟಿ ಅದೇ ದಾರಿಯಲ್ಲಿ ವಾಪಸು. ಒಟ್ಟು 10 ಕಿಲೋಮೀಟರ್.

ಕಳೆದ ವರ್ಷ ನಾಟಿಯ ದಿನಗಳಲ್ಲಿ ಈ ದೂರವನ್ನು 55 ನಿಮಿಷದೊಳಗೆ ಮುಗಿಸಬೇಕೆಂಬ ಹಟ ಹಿಡಿದಿತ್ತು. ಯಾವ ಸ್ಪರ್ಧೆಯೂ ಇರಲಿಲ್ಲ, ಯಾರೂ ಕೇಳಿರಲಿಲ್ಲ. ಕೈಗಡಿಯಾರ ಮಾತ್ರ ಪ್ರತಿ ಕಿಲೋಮೀಟರಿಗೂ ಸದ್ದು ಮಾಡಿ ಲೆಕ್ಕ ಒಪ್ಪಿಸುತ್ತಿತ್ತು. ಒಂದು ಬೆಳಿಗ್ಗೆ ಲೆಕ್ಕ ಸರಿಯಾಗಿಯೇ ನಡೆದಿತ್ತು. ಮೂರನೇ ಕಿಲೋಮೀಟರ್ ದಾಟಿದ ಮೇಲೆ, ಏರಿಯ ಅಂಚಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಹಸಿಹುಲ್ಲಿನ ಹೊರೆ ಕಟ್ಟಿಟ್ಟು, ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ನಿಂತಿದ್ದರು. ನನ್ನನ್ನು ಕಂಡವರೇ ಕೈ ಎತ್ತಿ, "ಒಸಿ ನಿಂತ್ಕೊ ಮಗ, ಹೊರೆ ಎತ್‌ಕೊಡು" ಎಂದರು.

ನಾನು ನಿಲ್ಲಲಿಲ್ಲ. ಬರುವಾಗ ಎತ್ತಿಕೊಡುತ್ತೇನೆ ಎಂಬಂತೆ ಕೈಸನ್ನೆ ಮಾಡಿ ಓಡಿದೆ. ಆ ಸನ್ನೆ ಅವರಿಗೆ ಅರ್ಥವಾಯಿತೋ ಇಲ್ಲವೋ. ನನಗೇ ಅದರ ಅರ್ಥ ಆಗಿತ್ತೆಂದು ಹೇಳಲಾರೆ.

ತೂಬು ಮುಟ್ಟಿ ತಿರುಗಿ ಬರುವಾಗ ಅವರು ಎದುರಾದರು. ತಲೆಯ ಮೇಲೆ ಹೊರೆ ಇತ್ತು, ಆದರೆ ಚಿಕ್ಕದು. ನನಗೆ ದಾರಿ ಬಿಡಲೆಂದು ಅವರೇ ಏರಿಯ ಅಂಚಿಗೆ ಸರಿದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಇನ್ನಷ್ಟು ದೂರ ಓಡಿದಾಗ ಮೊದಲಿನ ಜಾಗದಲ್ಲಿ ಹುಲ್ಲಿನ ಉಳಿದರ್ಧ ಬಿದ್ದಿತ್ತು. ಹೊರೆ ಬಿಚ್ಚಿ ಎರಡು ಮಾಡಿದ್ದರು. ಅಂದರೆ ಅವರು ಅದೇ ದಾರಿಯನ್ನು ಎರಡು ಸಲ ನಡೆಯಬೇಕಿತ್ತು. ಆ ದಿನ ನನ್ನ ಓಟ 54 ನಿಮಿಷ ಕೆಲವು ಸೆಕೆಂಡಿಗೆ ಮುಗಿಯಿತು.

ಹೊರೆಯ ವಿಚಾರ ನನಗೆ ಹೊಸದಲ್ಲ. ಚಿಕ್ಕವನಿದ್ದಾಗ ಅವ್ವನ ತಲೆಗೆ ಸೌದೆ ಹೊರೆ ಎತ್ತಿಕೊಡುತ್ತಿದ್ದವನು ನಾನೇ. ಅದರಲ್ಲೊಂದು ವಿಚಿತ್ರವಿದೆ. ಒಬ್ಬ ಮನುಷ್ಯ ಎರಡು ಮೈಲಿ ಹೊರಬಲ್ಲ ಭಾರವನ್ನು ಅದೇ ಮನುಷ್ಯ ತನ್ನ ತಲೆಗೆ ತಾನೇ ಎತ್ತಿಕೊಳ್ಳಲಾರ. ಹೊರುವುದಕ್ಕೆ ಒಬ್ಬರು ಸಾಕು, ಎತ್ತುವುದಕ್ಕೆ ಇಬ್ಬರು ಬೇಕು. ಆ ಎರಡನೆಯವನ ಕೆಲಸ ಐದು ಸೆಕೆಂಡಿನದು. ಬಗ್ಗಿ ಹಿಡಿದು, ಮೊದಲು ಮಂಡಿಯ ಮಟ್ಟಕ್ಕೆ, ಆಮೇಲೆ ಎದೆಯ ಮಟ್ಟಕ್ಕೆ ತಂದು, ಒಂದೇ ಉಸಿರಿಗೆ ತಲೆಯ ಮೇಲಿಟ್ಟರೆ ಮುಗಿಯಿತು. ಆಮೇಲೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ. ಇಷ್ಟೆಲ್ಲ ಗೊತ್ತಿದ್ದೂ ನಾನು ನಿಲ್ಲಲಿಲ್ಲ. ಗೊತ್ತಿಲ್ಲದವನಾಗಿದ್ದರೆ ಕ್ಷಮೆ ಸುಲಭವಿತ್ತು.

ನಾನು ಓದುತ್ತಿರುವುದು ನೀತಿಶಾಸ್ತ್ರ. ಆ ಓದಿನಲ್ಲಿ ಸಮಾಧಾನ ಹುಡುಕಿದೆ. ಪೀಟರ್ ಸಿಂಗರ್ 1972ರಲ್ಲಿ ಬರೆದ ಪ್ರಬಂಧದ ಉದಾಹರಣೆ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಕೊಳದಲ್ಲಿ ಮಗು ಮುಳುಗುತ್ತಿದೆ, ಇಳಿದರೆ ಬಟ್ಟೆ ಕೆಸರಾಗುತ್ತದೆ, ಆದರೂ ಇಳಿಯಬೇಕಾದದ್ದು ಕರ್ತವ್ಯ. ಸಿಂಗರ್ ಅಲ್ಲಿಂದ ದೂರದೇಶದ ಹಸಿವಿನವರೆಗೆ ಹೋಗುತ್ತಾರೆ. ನನ್ನ ತೊಂದರೆ ಬೇರೆ. ನಾಲೆ ಏರಿಯ ಮೇಲೆ ಯಾರೂ ಮುಳುಗುತ್ತಿರಲಿಲ್ಲ. ಮುಳುಗುವ ಮಗು ಕಂಡಿದ್ದರೆ ನಾನೂ ನೀರಿಗೆ ಹಾರುತ್ತಿದ್ದೆ ಎಂದು ನಂಬಿದ್ದೇನೆ. ನೀತಿಯ ಪಾಠಗಳಿಗೆ ಇಂಥ ಆಪತ್ತುಗಳೇ ಇಷ್ಟ. ಆದರೆ ಬದುಕಿನಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಹುಲ್ಲಿನ ಹೊರೆಗಳು. ನಾನು ನಿಲ್ಲದಿದ್ದರೆ ಯಾರೂ ಸಾಯುವುದಿಲ್ಲ, ಒಬ್ಬರು ಎರಡು ಸಲ ನಡೆಯುತ್ತಾರೆ, ಅಷ್ಟೇ. ಆ 'ಅಷ್ಟೇ'ಯಲ್ಲಿಯೇ ನಾವು ತಪ್ಪಿಸಿಕೊಳ್ಳುವುದು.

ಇನ್ನೊಂದು ಪ್ರಯೋಗ ನೆನಪಾಯಿತು. ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ್ದು. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿ ಶಿಕ್ಷಣ ಪಡೆಯುತ್ತಿದ್ದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯ ಒಳ್ಳೆಯ ಸಮಾರ್ಯನ ಕಥೆಯೇ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳುತ್ತಿದ್ದ. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ನೆರವಾದರು. 'ತಡವಾಯಿತು, ಬೇಗ ಹೋಗಿ' ಎಂದು ಅಟ್ಟಿಸಿಕೊಂಡವರಲ್ಲಿ ನೆರವಾದವರು ನೂರಕ್ಕೆ 10. ಅವಸರ ಮನುಷ್ಯನ ಗುಣವನ್ನೂ ಓದನ್ನೂ ಹಿಂದೆ ಹಾಕಬಲ್ಲದು. ಆದರೆ ಇಲ್ಲಿಯೂ ನನಗೆ ರಿಯಾಯಿತಿ ಸಿಗಲಿಲ್ಲ. ಆ ಹುಡುಗರಿಗೆ ಅವಸರವನ್ನು ಬೇರೆಯವರು ಹಚ್ಚಿದ್ದರು. ನನ್ನದು ನಾನೇ ದುಡ್ಡು ಕೊಟ್ಟು ಕೊಂಡು ಕೈಗೆ ಕಟ್ಟಿಕೊಂಡದ್ದು.

ಇದನ್ನೆಲ್ಲ ಹೇಳಿಕೊಂಡಾಗ ಗೆಳೆಯನೊಬ್ಬ ಒಪ್ಪಲಿಲ್ಲ. "ನಿಮ್ಮವ್ವ ಕೂಲಿ ಮಾಡಿ ಓದಿಸಿದ್ದು ಯಾತಕ್ಕೆ? ಕಾರಣವಿಲ್ಲದೆ ಓಡುವ ಒಂದು ಗಂಟೆ ನಿಮ್ಮ ಮನೆಯಲ್ಲಿ ಮೊದಲು ಸಿಕ್ಕಿದ್ದು ನಿನಗೆ. ಅದಕ್ಕೂ ಬಾಡಿಗೆ ಕಟ್ಟುತ್ತೀಯಾ?" ಎಂದ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹೊಟ್ಟೆಪಾಡಿಗಲ್ಲದೆ ಮೈ ದಣಿಸಿಕೊಳ್ಳುವುದು ತಲೆಮಾರುಗಳ ಕಾಲ ನಮ್ಮಂಥವರಿಗೆ ಇರದಿದ್ದ ಸುಖ. ದುಡಿಯುವವರ ಪಕ್ಕದಲ್ಲಿ ಸುಮ್ಮನೆ ಓಡುವುದೇ ಪಾಪ ಎಂದು ನಾನೂ ಅಂದುಕೊಂಡಿಲ್ಲ. ನಾನು ಓಡುವುದನ್ನು ಬಿಟ್ಟರೆ ಯಾರ ಹೊರೆಯೂ ಹಗುರವಾಗುವುದಿಲ್ಲ.

ಆದರೆ ಗೆಳೆಯನ ಮಾತಿನಲ್ಲಿ ಒಂದು ಬಿಟ್ಟುಹೋಗಿದೆ, ದಾರಿ. ಆ ಒಂದು ಗಂಟೆ ನನ್ನದಿರಬಹುದು, ಏರಿ ನನ್ನದಲ್ಲ. ಈ ಬಯಲಿನ ಹಳೆಯ ನಾಲೆಗಳಲ್ಲಿ ಕೆಲವು ಮೈಸೂರು ಒಡೆಯರ ಕಾಲದವು, ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ 1911ಕ್ಕೂ ಎಷ್ಟೋ ಹಿಂದಿನವು. ಯಂತ್ರಗಳಿಲ್ಲದ ಕಾಲದಲ್ಲಿ ನಾಲೆ ತೋಡಿದರೆ ಬಂದ ಮಣ್ಣನ್ನು ಮಂಕರಿಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, ಪಕ್ಕದಲ್ಲಿ ಸುರಿದು ತುಳಿಯಬೇಕು. ಹಾಗೆ ಎದ್ದದ್ದೇ ಏರಿ. ನನ್ನ ಕಾಲಿಗೆ ಇಷ್ಟು ಹಿತವಾದ ಮಟ್ಟಸ ದಾರಿ ಒಂದರ ಮೇಲೊಂದು ಬಿದ್ದ ಹೊರೆಗಳ ರಾಶಿ. ಪ್ರತಿಯೊಂದು ಮಂಕರಿಯನ್ನೂ ಒಬ್ಬರು ಹೊತ್ತಿದ್ದಾರೆ, ಇನ್ನೊಬ್ಬರು ಎತ್ತಿಕೊಟ್ಟಿದ್ದಾರೆ. ಹುಲ್ಲು ಕೊಯ್ಯುವವರು, ಎತ್ತು ಹೊಡೆಯುವವರು, ಡೈರಿಗೆ ಹಾಲು ಒಯ್ಯುವವರು ದಿನವೂ ತುಳಿಯುವುದರಿಂದ ಅದು ಮುಳ್ಳು ಬೆಳೆಯದೆ ದಾರಿಯಾಗಿ ಉಳಿದಿದೆ. ಇಂಥ ದಾರಿಗೆ ಬರೆಯದ ನಿಯಮ ಒಂದಿದೆ: ಖಾಲಿ ಕೈಯವನು ಹೊರೆ ಹೊತ್ತವರಿಗೆ ದಾರಿ ಬಿಡಬೇಕು. ಆ ದಿನ ಹೊರೆ ಹೊತ್ತವರು ಖಾಲಿ ಕೈಯವನಿಗೆ ದಾರಿ ಬಿಟ್ಟರು. ನನ್ನನ್ನು ಇವತ್ತಿಗೂ ಚುಚ್ಚುವುದು ನಿಲ್ಲದೆ ಹೋದದ್ದಕ್ಕಿಂತ ಅದೇ.

ಹಳೆಯ ದಾರಿಗಳ ಪಕ್ಕದಲ್ಲಿ ಹೊರೆಗಲ್ಲುಗಳನ್ನು ನೀವು ನೋಡಿರಬಹುದು. ನಿಲ್ಲಿಸಿದ ಎರಡು ಕಲ್ಲು, ಮೇಲೊಂದು ಅಡ್ಡ ಚಪ್ಪಡಿ. ಬಾಗಿಲಿಲ್ಲದ ಬಾಗಿಲುವಾಡದ ಹಾಗೆ ಕಾಣುತ್ತದೆ. ಎತ್ತರ ಹೆಚ್ಚುಕಡಿಮೆ ಹೆಗಲಿನ ಮಟ್ಟ. ತಲೆಹೊರೆಯವರು ಭಾರವನ್ನು ಅದರ ಮೇಲೆ ಜಾರಿಸಿ ಸುಧಾರಿಸಿಕೊಂಡು, ಯಾರ ನೆರವೂ ಇಲ್ಲದೆ ಮತ್ತೆ ತಲೆಗೆ ತೆಗೆದುಕೊಳ್ಳಬಹುದು. ತಮಿಳುನಾಡಿನಲ್ಲಿ ಇದನ್ನು ಸುಮೈತಾಂಗಿ ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ನೆನಪಿಗೆ ಅದನ್ನು ನಿಲ್ಲಿಸುವ ರೂಢಿ ಅಲ್ಲಿತ್ತು. ಇಳಿಸಲಾಗದೆ ಹೋದ ಒಂದು ಭಾರದ ಹೆಸರಿನಲ್ಲಿ ಇತರರ ಭಾರ ಇಳಿಸುವ ಜಾಗ.

ಹೊರೆಗಲ್ಲನ್ನು ನಾನು ಬಹಳ ದಿನ ದಯೆಯ ಗುರುತೆಂದು ತಿಳಿದಿದ್ದೆ. ಈಗ ಹಾಗೆ ಕಾಣುವುದಿಲ್ಲ. ದಾರಿಹೋಕರು ನಿಂತೇ ನಿಲ್ಲುತ್ತಾರೆಂಬ ಭರವಸೆ ಇರದಿದ್ದವರು ಕಟ್ಟಿದ್ದು ಅದು. ಮನುಷ್ಯನ ಮನಸ್ಸಿನ ಮೇಲೆ ಬಿಟ್ಟರೆ ಆಗದು, ಕಲ್ಲಿಗೆ ಒಪ್ಪಿಸೋಣ ಎಂದುಕೊಂಡವರ ವಿವೇಕ. ಕಲ್ಲಿಗೆ ಅವಸರವಿಲ್ಲ. ಕಲ್ಲಿನ ಹತ್ತಿರ ಬೇಡಿಕೊಳ್ಳುವ ಮುಜುಗರವೂ ಇಲ್ಲ. ಒಬ್ಬೊಬ್ಬರ ಒಳ್ಳೆಯತನವನ್ನು ಕಾಯುವುದಕ್ಕಿಂತ ಇಂಥ ಕಲ್ಲುಗಳನ್ನು ನೆಡುವುದು ಒಳ್ಳೆಯ ಸಮಾಜದ ಲಕ್ಷಣ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ನಾನು ಓಡುವ ಏರಿಯಲ್ಲಿ ಹೊರೆಗಲ್ಲಿಲ್ಲ. ಬೆಳಗಿನ ಆರು ಗಂಟೆಗೆ ಅಲ್ಲಿರುವುದು ನಾನು. ಯಾರಿಗೆ ನೆರವಾಗಬೇಕು, ಯಾವಾಗ ಆಗಬೇಕು ಎಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಬಹುಪಾಲು ಇದ್ದೇ ಇದೆ. ಇಕ್ಕಟ್ಟಿನ ದಾರಿಯಲ್ಲಿ ಮಾತ್ರ ಇಲ್ಲ, ಅಲ್ಲಿ ಆಯ್ಕೆಯನ್ನು ದಾರಿಯೇ ಮಾಡಿ ಮುಗಿಸಿರುತ್ತದೆ.

ಈಗಲೂ ಓಡುತ್ತೇನೆ. ಗಡಿಯಾರವನ್ನು ಬಿಸಾಡಿಲ್ಲ. ಅಂಥ ನಾಟಕ ನನಗೆ ಒಗ್ಗದು. ಆ ಘಟನೆಯಾಗಿ ಎಂಟು ಹತ್ತು ದಿನಕ್ಕೆ ಅದೇ ಹೆಂಗಸು ಅದೇ ಜಾಗದಲ್ಲಿ ನಿಂತಿದ್ದರು. ಈ ಸಲ ಕರೆಯಲಿಲ್ಲ. ನಾನೇ ನಿಂತು, "ಎತ್ತಿಕೊಡಲಾ ಅವ್ವ?" ಎಂದೆ. ಹಸಿಹುಲ್ಲು, ಇಬ್ಬನಿಯ ಭಾರ ಬೇರೆ. ಮಂಡಿ, ಎದೆ, ತಲೆ. ಕೈ ಇನ್ನೂ ಮರೆತಿರಲಿಲ್ಲ. "ಓಡಕ್ಕೆ ಯಾರಾದ್ರೂ ಸಂಬ್ಳ ಕೊಟ್ಟಾರಾ ಮಗ?" ಎಂದು ಕೇಳಿದರು. ಇಲ್ಲವೆಂದೆ. ನಂಬಿದಂತೆ ಕಾಣಲಿಲ್ಲ. ಆ ದಿನದ ತಪ್ಪನ್ನು ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವರು ಹೊರೆಯನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡು ಇನ್ನೊಂದು ಕೈಯಲ್ಲಿ ನನಗೆ ದಾರಿ ತೋರಿಸಿದರು.

"ನೀ ಹೋಗು ಮಗ, ನಿಂಗೆ ಹೊತ್ತಾಯ್ತದೆ."