ಅಣೆಕಟ್ಟಿನ ಎರಡು ಹಾಡು

ಅಣೆಕಟ್ಟು ಒಬ್ಬನ ಮನೆಗೆ ದೀಪ ಹಚ್ಚುತ್ತದೆ. ಇನ್ನೊಬ್ಬನ ಮನೆಯನ್ನೇ ಮುಳುಗಿಸುತ್ತದೆ. ಇಬ್ಬರೂ ಹಾಡು ಕಟ್ಟಿದರೆ ಯಾವುದನ್ನು ನಿಜ ಅನ್ನೋಣ?

ಅಮೆರಿಕದ 'ಡ್ರೈವ್-ಬೈ ಟ್ರಕರ್ಸ್' ತಂಡದ 'ದಿ ಫೈನ್ ಪ್ರಿಂಟ್' ಕೇಳಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಲಬಾಮದ ಗೆಳೆಯರಿಬ್ಬರು ಕಟ್ಟಿದ ಈ ತಂಡ ಹಳ್ಳಿಗಾಡಿನ ಕಂಟ್ರಿ ಹಾಡಿಗೆ ರಾಕ್ ಗಿಟಾರ್ ಬೆರೆಸಿ ಹಾಡುತ್ತದೆ. ಹಿಂದಿನ ಆಲ್ಬಮ್ಮುಗಳಲ್ಲಿ ಜಾಗ ಸಿಗದೆ ಉಳಿದ ಹಾಡುಗಳನ್ನೂ ಬೇರೆಯವರ ಕೆಲವು ಹಾಡುಗಳನ್ನೂ ಕೂಡಿಸಿ, ಒಟ್ಟು 12 ಹಾಡುಗಳ ಈ ತಟ್ಟೆಯನ್ನು 2009ರಲ್ಲಿ ಹೊರತಂದರು. 'ಫೈನ್ ಪ್ರಿಂಟ್' ಅಂದರೆ ಕರಾರುಪತ್ರದ ಅಡಿಯಲ್ಲಿ ಕಣ್ಣಿಗೆ ಬೀಳದ ಹಾಗೆ ಅಚ್ಚಾದ ಸಣ್ಣಕ್ಷರ.

ಅದರಲ್ಲೊಂದು ಜೇಸನ್ ಇಸ್ಬೆಲ್ ಬರೆದ 'ಟಿವಿಎ'. ಟೆನೆಸ್ಸಿ ಕಣಿವೆ ಪ್ರಾಧಿಕಾರ ಹುಟ್ಟಿದ್ದು 1933ರಲ್ಲಿ, ರೂಸ್‌ವೆಲ್ಟ್ ಕಾಲದಲ್ಲಿ. ಆ ಮುಗ್ಗಟ್ಟಿನ ದಿನಗಳಲ್ಲಿ ಅಣೆಕಟ್ಟಿನ ಕೂಲಿಯೇ ತನ್ನ ಹಿರಿಯರ ಹೊಟ್ಟೆ ತುಂಬಿಸಿತು ಅಂತ ಹಾಡು ಕೈಮುಗಿಯುತ್ತದೆ. ಇನ್ನೊಂದು ಮೈಕ್ ಕೂಲಿಯ 'ಅಂಕಲ್ ಫ್ರಾಂಕ್'. ಅಂಥದೇ ವಿದ್ಯುತ್ ಯೋಜನೆಯ ನೀರು ಫ್ರಾಂಕನ ಕಣಿವೆಯನ್ನು ನುಂಗಿತು. ಹೊಸ ಬದುಕು ಒಗ್ಗಲಿಲ್ಲ, ನೇಣು ಹಾಕಿಕೊಂಡ. ಓದುಬರಹ ಬಾರದವನು, ಸಾಯುವಾಗ ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಸಣ್ಣಕ್ಷರ ಇರಲಿ, ದೊಡ್ಡಕ್ಷರವನ್ನೂ ಓದಲಾರದವನ ಹಾಡು ಇದು.

ಸಾವಿರಾರು ಮನೆಗೆ ಬೆಳಕು ಬಂತು, ಹೋದದ್ದು ಒಬ್ಬ ಫ್ರಾಂಕ್, ಕೂಡಿ ಕಳೆದರೆ ಲಾಭವೇ ಅಲ್ಲವೇ ಅಂತ ಜಾಣರು ಕೇಳಬಹುದು. ಆದರೆ ಬೆಳಕು ಪಡೆದವನು ಬೇರೆ, ಮುಳುಗಿದವನು ಬೇರೆ. ಅವನ ಸುಖದಲ್ಲಿ ಇವನ ದುಃಖವನ್ನು ಕಳೆಯೋ ಅಧಿಕಾರ ಕೊಟ್ಟೋರು ಯಾರು? ಹಸಿದವನ ಕೃತಜ್ಞತೆ ಸುಳ್ಳಲ್ಲ. ಆದರೆ ಅದು ಫ್ರಾಂಕನ ಸಾವಿಗೆ ರಸೀದಿಯೂ ಅಲ್ಲ.

ಹಾಗಾದರೆ ಎರಡು ಹಾಡು ಕೇಳಿದರೆ ನ್ಯಾಯ ಮುಗಿಯಿತೇ? ಇದೇ ಪ್ರಾಧಿಕಾರ 1936ರಲ್ಲಿ ಮುಗಿಸಿದ ನಾರಿಸ್ ಅಣೆಕಟ್ಟಿಗಾಗಿ ಸುಮಾರು 2,900 ಕುಟುಂಬಗಳು ಊರು ಬಿಟ್ಟವು. ಜಮೀನಿನ ಒಡೆಯರಿಗೆ ಹಣ ಸಿಕ್ಕಿತು, ಗೇಣಿದಾರರಿಗೆ ಬರಿಗೈ. ಅಲ್ಲೇ ಪ್ರಾಧಿಕಾರ ಕಟ್ಟಿದ ಮಾದರಿ ಊರಿನಲ್ಲಿ ಕಪ್ಪುಜನ ಮನೆ ಮಾಡುವಂತಿರಲಿಲ್ಲ. ಅಣೆಕಟ್ಟಿಗೆ ಬೆವರು ಆಗುತ್ತೆ, ಊರಿಗೆ ಮನುಷ್ಯ ಆಗಲ್ಲ! ಆ ಕಪ್ಪು ಕೂಲಿಯ ಹಾಡು ಈ ತಟ್ಟೆಯಲ್ಲಿಲ್ಲ.

ಯುದ್ಧದಲ್ಲಿ ಕಾಲು ಕಳೆದುಕೊಂಡು ಮನೆಗೆ ಬರುವ ಸೈನಿಕನ ಬಗ್ಗೆ ಟಾಮ್ ಟಿ. ಹಾಲ್ ಬರೆದ ಹಾಡನ್ನು ಇದೇ ತಂಡ ತನ್ನ ಸ್ವಂತದ ನೋವೇನೋ ಅನ್ನುವಂತೆ ಹಾಡಿದೆ. ಇನ್ನೊಬ್ಬರ ನೋವಿಗೆ ಗಂಟಲು ಕೊಡಬಹುದು, ನಿಜ. ಆದರೆ ನಮ್ಮ ಗಂಟಲು ಎಷ್ಟೇ ದೊಡ್ಡದಾದರೂ, ನೋವುಂಡವನು ಬಂದು ನಿಂತಾಗ ಪಕ್ಕಕ್ಕೆ ಸರಿಯಬೇಕು.

ಗೆಳೆಯರೇ, ಎರಡು ಹಾಡು ಕೇಳಿದ್ದೇವೆ. ಮೂರನೆಯವನ ಸರದಿ ಬಾಕಿ ಇದೆ.