ಯುದ್ಧಮೈತ್ರಿಗೆ ಆಧಾರವಾವುದು?

ರಾಷ್ಟ್ರಗಳು ಯುದ್ಧಕಾಲದಲ್ಲಿ ಕೈಜೋಡಿಸಿದಾಗ, ತಮ್ಮನ್ನು ಕೂಡಿಸಿದುದು ಸಮಾನವಾದ ಆದರ್ಶವೆಂದು ಸಾರುವುದು ಲೋಕರೂಢಿ. ಆದರೆ ಹೊಳೆಗೆ ನೆರೆ ಬಂದಾಗ ಒಂದೇ ದಿಬ್ಬವನ್ನೇರಿದವರೆಲ್ಲರೂ ನಂಟರಾಗುವರೇ? ನೆರೆಯಿಳಿದೊಡನೆ ಅವರವರ ದಾರಿ ಅವರವರದು. ನಡೆಯಿಲ್ಲದ ನುಡಿಯನ್ನು ಶರಣರು ಒಪ್ಪಲಿಲ್ಲ. ಆ ಒರೆಗಲ್ಲಿಗೆ ರಾಷ್ಟ್ರಗಳ ಮೈತ್ರಿಯನ್ನೂ ಉಜ್ಜಿ ನೋಡುವುದು ಉಚಿತ.

1565ರಲ್ಲಿ ದಖ್ಖಣದ ಸುಲ್ತಾನರು ಒಂದಾಗಿ ವಿಜಯನಗರದ ರಾಮರಾಯನನ್ನು ರಕ್ಕಸತಂಗಡಿಯ ಕಾಳಗದಲ್ಲಿ ಸೋಲಿಸಿದರು. ಏಕಮತವೇ ಅವರನ್ನು ಕೂಡಿಸಿತೆಂದು ಹಲವರ ತಿಳಿವಳಿಕೆ. ಹಾಗಿದ್ದರೆ, ಕೆಲವೇ ವರ್ಷಗಳ ಹಿಂದೆ ಬಿಜಾಪುರದ ಅಲಿ ಆದಿಲಶಾಹನು ಅದೇ ರಾಮರಾಯನ ನೆರವಿನಿಂದ ಅಹಮದನಗರದ ಮೇಲೆ ದಂಡೆತ್ತಿದುದೇಕೆ? ಮತ ಆಗಲೂ ಒಂದೇ ಆಗಿತ್ತು. ಹೊಸದಾಗಿ ಹುಟ್ಟಿದುದು ರಾಮರಾಯನ ಭಯ. ಭಯ ಕಳೆದೊಡನೆ ಹಳೆಯ ಕಲಹಗಳು ಮರಳಿದವು. ಮುಂದೆ ಬಿಜಾಪುರ 1686ರಲ್ಲಿಯೂ ಗೋಲಕೊಂಡ 1687ರಲ್ಲಿಯೂ ಮೊಗಲರ ವಶವಾದವು. ಮತಸಾಮ್ಯ ಬೇರೆ, ಮೌಲ್ಯಸಾಮ್ಯ ಬೇರೆ.

ಆಧುನಿಕ ಲೋಕವು ಮೌಲ್ಯಗಳನ್ನು ಬರೆದೇ ಘೋಷಿಸಿತು. 1941ರ ಆಗಸ್ಟಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಪ್ರಕಟಿಸಿದ ಅಟ್ಲಾಂಟಿಕ್ ಸನ್ನದು, ತಮ್ಮ ಆಡಳಿತದ ರೀತಿಯನ್ನು ಆರಿಸಿಕೊಳ್ಳುವ ಹಕ್ಕು ಎಲ್ಲ ಜನತೆಗೂ ಉಂಟೆಂದು ಸಾರಿತು. ಮರುತಿಂಗಳೇ ಚರ್ಚಿಲ್, ಆ ಮಾತು ಮುಖ್ಯವಾಗಿ ನಾಜಿಗಳ ಕೆಳಗಿದ್ದ ಯುರೋಪಿನ ರಾಷ್ಟ್ರಗಳಿಗೆ ಸಂಬಂಧಿಸಿದುದು, ಭಾರತದ ಪ್ರಶ್ನೆ ಬೇರೆ ಎಂದರು. ಇಪ್ಪತ್ತು ಲಕ್ಷಕ್ಕೂ ಮಿಕ್ಕ ಭಾರತೀಯರು ಸೈನಿಕರಾಗಿ ಆ ಯುದ್ಧದಲ್ಲಿ ದುಡಿದರು. ಅವರ ನಾಡು ಮಾತ್ರ ಪರಾಧೀನವಾಗಿಯೇ ಉಳಿದಿತ್ತು. ಆ ಕೂಟ ಹಿಟ್ಲರನನ್ನು ಸೋಲಿಸಿ ಲೋಕಕ್ಕೆ ಉಪಕರಿಸಿತೆಂಬುದು ನಿಜ. ಸನ್ನದಿನ ನುಡಿಯೂ ವ್ಯರ್ಥವಾಗಲಿಲ್ಲ. ಬಾಯಿಂದ ಹೊರಟ ನುಡಿ ಸಾಲಪತ್ರದಂತೆ, ಪರಾಧೀನ ಜನತೆ ಅದನ್ನು ಹಿಡಿದೇ ತಮ್ಮ ಹಕ್ಕನ್ನು ಕೇಳಿತು. ಆದರೆ ಸಾಲಪತ್ರ ಬರೆದುಕೊಟ್ಟ ಮಾತ್ರಕ್ಕೆ ಸಾಲ ತೀರಿದಂತಾಗದು.

ನಡೆಯಲ್ಲಿ ತೋರಿದ ಮೌಲ್ಯಕ್ಕೆ ನಿದರ್ಶನ ಕೆಳದಿಯ ರಾಣಿ ಚೆನ್ನಮ್ಮಾಜಿ. ಇಂದಿನ ನಂದಿಕೂರು, ಕಾಪುಗಳಿರುವ ತುಳುನಾಡಿನ ಕರಾವಳಿಯವರೆಗೂ ಆ ವೀರಶೈವ ಅರಸುಮನೆಯ ಆಧಿಪತ್ಯ ಹಬ್ಬಿತ್ತು. 1665ರಲ್ಲಿ ಶಿವಾಜಿಯ ನೌಕಾಪಡೆ ಕೆಳದಿಯವರ ಬಸರೂರು ಬಂದರನ್ನು ಸೂರೆಗೊಂಡಿತ್ತು. 1689ರಲ್ಲಿ ಸಂಭಾಜಿಯ ವಧೆಯಾದ ಬಳಿಕ, ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಅದೇ ಶಿವಾಜಿಯ ಮಗ ರಾಜಾರಾಮ ಕೆಳದಿಯ ನಾಡಿಗೆ ಬಂದ. ಚೆನ್ನಮ್ಮಾಜಿ ಹಳೆಯ ಸೂರೆಯ ಲೆಕ್ಕ ತೆಗೆಯಲಿಲ್ಲ. ಆಶ್ರಯವಿತ್ತು, ಜಿಂಜಿಯ ಕಡೆಗೆ ಸುರಕ್ಷಿತವಾಗಿ ಸಾಗಿಸಿದಳು. ಮೊಗಲ ಸೈನ್ಯ ಅವಳ ನಾಡಿನ ಮೇಲೆ ಏರಿಬಂದಿತು. ಕಾಳಗದ ಹೊರೆಯನ್ನು ಅವಳು ಹೊತ್ತಳು.

ಮೊಗಲರ ಭೀತಿ ಅವಳಿಗೂ ಇದ್ದುದರಿಂದ ಇದೂ ರಾಜನೀತಿಯೇ ಎಂದು ಆಕ್ಷೇಪಿಸಬಹುದು. ಭಯವೇ ಮಂತ್ರಿಯಾಗಿದ್ದಲ್ಲಿ, ಬಿಜಾಪುರ, ಗೋಲಕೊಂಡಗಳನ್ನೇ ನುಂಗಿದ ಚಕ್ರವರ್ತಿಗೆ ಶರಣಾಗತನನ್ನು ಹಿಡಿದೊಪ್ಪಿಸುವುದೇ ಸುಲಭೋಪಾಯವಾಗಿತ್ತು. ಲಿಖಿತ ಸಂಧಿ ಯಾವುದೂ ಇಲ್ಲದೆಯೇ, ಬೇಡಿಬಂದವನನ್ನು ಕೈಬಿಡಬಾರದೆಂಬ ಧರ್ಮ ಎರಡು ನಾಡುಗಳನ್ನು ಕೂಡಿಸಿತು.

ಆದುದರಿಂದ ಸಮಾನ ಮೌಲ್ಯದ ಮೈತ್ರಿಗೆ ಎರಡು ಪರೀಕ್ಷೆಗಳುಂಟು. ನಷ್ಟ ಬಂದಾಗಲೂ ಅದು ನಿಲ್ಲುವುದೇ? ಒಪ್ಪಂದದ ಪಂಕ್ತಿಯಲ್ಲಿ ಎಲೆಯಿಲ್ಲದ ಮೂರನೆಯವನಿಗೂ ಅದರ ನ್ಯಾಯ ಸಲ್ಲುವುದೇ? ಇವೆರಡರಲ್ಲಿ ತೇರ್ಗಡೆಯಾಗದ ಕೂಟವನ್ನು ಹಿತದ ಕೂಟವೆಂದು ಕರೆಯುವುದರಲ್ಲಿ ಅವಮಾನವಿಲ್ಲ. ಆದರೆ ಅದಕ್ಕೆ ಧರ್ಮದ ಹೆಸರಿಡುವುದು, ನುಡಿಗೂ ನಡೆಗೂ ನಡುವೆ ಗೋಡೆ ಕಟ್ಟಿದಂತೆ.