ಹತ್ತಿರದಲ್ಲಿ ಸ್ಕೂಲ್ ಯಾವುದಿದೆ?

ಬೆಂಗಳೂರಲ್ಲಿ ಫ್ಲ್ಯಾಟ್ ನೋಡೋಕೆ ಹೋದವರು ನೀರು, ಖಾತಾ, ಪಾರ್ಕಿಂಗ್ ಆದಮೇಲೆ ತಪ್ಪದೆ ಕೇಳುವ ಪ್ರಶ್ನೆ: ಹತ್ತಿರದಲ್ಲಿ ಒಳ್ಳೆ ಸ್ಕೂಲ್ ಯಾವುದಿದೆ? ಬ್ರೋಕರ್ ಪಟಪಟ ಅಂತ ನಾಲ್ಕು ಹೆಸರು ಹೇಳ್ತಾನೆ. ಪಕ್ಕದ ರಸ್ತೆಯಲ್ಲೇ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಆ ಪಟ್ಟಿಯಲ್ಲಿ ಇರೋದಿಲ್ಲ. ನಾವೂ ಕೇಳೋದಿಲ್ಲ. ಹೀಗೆ ಕೇಳದೇ ಇರೋದರಲ್ಲಿ ನೈತಿಕವಾಗಿ ತಪ್ಪೇನಾದರೂ ಇದೆಯಾ?

ಹಳೇ ಬಡಾವಣೆಗಳಲ್ಲಿ ಜನ ಮೊದಲು ಬಂದರು, ಶಾಲೆ ಆಮೇಲೆ. 1898ರ ಪ್ಲೇಗ್ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತಳ್ಳಿತು, ಬಸವನಗುಡಿ, ಮಲ್ಲೇಶ್ವರ ಬೆಳೆದವು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಶುರುವಾಗಿದ್ದು 1917ರಲ್ಲಿ. ಮುಂದೆ ಬಿಡಿಎ ಬಂತು, ಶಾಲೆಗೆ ಅಂತಲೇ ಸಿಎ ಸೈಟುಗಳು ಬಂದವು. ಆದರೆ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಕತೆ ಉಲ್ಟಾ. ಅಲ್ಲಿ ಶಾಲೆ ಮೊದಲೇ ಇತ್ತು, ರಾಗಿ ಹೊಲದ ಮೇಲೆ ಆಮೇಲೆ ಬಂದವರು ನಾವು. ಆ ಶಾಲೆ ಈಗ ನಮಗೆ ಫುಡ್ ಡೆಲಿವರಿ ಹುಡುಗನಿಗೆ ಹೇಳುವ ಲ್ಯಾಂಡ್‌ಮಾರ್ಕ್ ಅಷ್ಟೇ.

ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಸ್ವಂತ ಮಗುವಿಗೆ ಒಳ್ಳೇದು ಬಯಸೋದು ಪಾಪ ಅಲ್ಲ. ಸಮಾನತೆಯ ಪ್ರಯೋಗಕ್ಕೆ ನಿಮ್ಮ ಮಗಳನ್ನೇ ಒಡ್ಡಿ ಅಂತ ನಾನು ಯಾರಿಗೂ ಹೇಳಲಾರೆ. ತೊಂದರೆ ಬೇರೆ ಕಡೆ ಇದೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಇದನ್ನು ಗುರುತಿಸಿದ್ದ: ಸಾರ್ವಜನಿಕ ಶಾಲೆಯ ಗುಣಮಟ್ಟ ಕುಸಿದಾಗ ಮೊದಲು ಬಿಟ್ಟು ಹೋಗೋರು ಗುಣಮಟ್ಟದ ಬಗ್ಗೆ ಅತಿ ಹೆಚ್ಚು ತಲೆಕೆಡಿಸಿಕೊಳ್ಳೋರೇ. ಅಂದರೆ ಜಗಳ ಆಡಬಲ್ಲವರು. ಉಳಿಯೋರಿಗೆ ಬಿಡೋ ದಾರಿಯೂ ಇಲ್ಲ, ಬೈಯೋ ಬಲವೂ ಇಲ್ಲ. ನಮ್ಮ ಹೊರವಲಯದಲ್ಲಿ ಹೀಗೆ ಉಳಿದವರಲ್ಲಿ ರಾಯಚೂರು, ಯಾದಗಿರಿ ಕಡೆಯಿಂದ ನಮ್ಮದೇ ಟವರ್ ಕಟ್ಟೋಕೆ ಬಂದವರ ಮಕ್ಕಳೂ ಇದ್ದಾರೆ.

ಇನ್ನು ಆರ್‌ಟಿಇ ಕತೆ ಕೇಳಿ. 2009ರ ಕಾಯ್ದೆ, ಖಾಸಗಿ ಶಾಲೆಯ ಪ್ರವೇಶ ತರಗತಿಯಲ್ಲಿ ಶೇ. 25ರಷ್ಟು ಸೀಟು ನೆರೆಹೊರೆಯ ಬಡ ಮಕ್ಕಳಿಗೆ ಅಂದಿತು. ಎಷ್ಟೋ ಮಕ್ಕಳು ಹಾಗೆ ಒಳಗೆ ಹೋದರು. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿತು: ಅಕ್ಕಪಕ್ಕದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಸೀಟು ಕೊಡಬೇಕಿಲ್ಲ. ಸರ್ಕಾರಿ ಶಾಲೆ ಖಾಲಿಯಾಗುತ್ತೆ, ದುಡ್ಡು ಖಾಸಗಿಯವರಿಗೆ ಹೋಗುತ್ತೆ ಅನ್ನೋ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳೋದಿಲ್ಲ. ಆದರೂ ಪರಿಣಾಮ ನೋಡಿ. ನಾವು ಹೆಸರು ಕೂಡ ಕೇಳದ ಆ ಶಾಲೆ ಇದೆ ಅನ್ನೋದೇ, ನಮ್ಮ ಮಕ್ಕಳ ಶಾಲೆಗೆ ಆ ಮಕ್ಕಳು ಬರದಿರೋದಕ್ಕೆ ಕಾರಣ ಆಯ್ತು. ನಮಗೆ ಸಾಲದ ಶಾಲೆ ಅವರಿಗೆ ಸಾಕು ಅಂತ ತೀರ್ಮಾನ ಆಯ್ತು, ಮತ್ತು ಈ ತೀರ್ಮಾನದಿಂದ ನಮಗೆ ಕಿಂಚಿತ್ತೂ ನಷ್ಟ ಆಗಲಿಲ್ಲ.

ಹಾಗಾಗಿ ನನ್ನ ಪ್ರಕಾರ ಒಂದು ಋಣ ಇದೆ. ಅದು ವರ್ಷಕ್ಕೊಂದು ದಿನ ಆಫೀಸ್ ಟೀ ಶರ್ಟ್ ಹಾಕ್ಕೊಂಡು ಗೋಡೆಗೆ ಚಿಟ್ಟೆ ಬರೆದರೆ ತೀರೋದಲ್ಲ. (ಚಿಟ್ಟೆಗಳ ಮೇಲೆ ನನಗೇನೂ ಸಿಟ್ಟಿಲ್ಲ.) ಮಗು ಬೇರೆ ಕಡೆ ಓದಲಿ, ಆದರೆ ಜಗಳ ಇಲ್ಲೇ ಉಳೀಬೇಕು. ಎಸ್‌ಡಿಎಂಸಿಯಲ್ಲಿ ಮತ ಇರೋದು ಆ ಮಕ್ಕಳ ಪೋಷಕರಿಗೆ, ಅದು ಸರಿಯೂ ಹೌದು. ಹೊರಗಿನಿಂದ ಸದ್ದು ಮಾಡೋಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಕಾವೇರಿ ನೀರಿಗೆ, ಮೆಟ್ರೋಗೆ ಎಂಎಲ್‌ಎ ಬೆನ್ನು ಬಿಡದ ಅಸೋಸಿಯೇಷನ್‌ಗಳು ನಮ್ಮವು. ಪಕ್ಕದ ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ ಇವೆ ಅಂತ ಕೇಳುವ ಆರ್‌ಟಿಐ ಅರ್ಜಿಗೆ 10 ರೂಪಾಯಿ ಶುಲ್ಕ.